ಮನಸ್ಸು ಒಪ್ಪದಿರುವುದೂ ಪ್ರಮಾಣವೇ?

ಬಸವನಗುಡಿಯ ನಮ್ಮ ಹಳೆಯ ಮನೆಯ ಹಿತ್ತಲ ಗೂಡಿನಲ್ಲಿ, ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸಿಗೆಂದು ಒಂದು ಬೇರೆ ಲೋಟವಿತ್ತು. ದಿನವೂ ಪಾರಾಯಣ ಮಾಡುತ್ತಿದ್ದ, ಶಾಸ್ತ್ರವನ್ನು ಎಂದೂ ಸಂಶಯಿಸದ ನನ್ನ ಅಜ್ಜಿ ಒಂದು ದಿನ ಅದನ್ನು ತೆಗೆದುಹಾಕಿ, ಮನೆಯವರೆಲ್ಲ ಕುಡಿಯುವ ಲೋಟದಲ್ಲೇ ಆಕೆಗೆ ಕಾಫಿ ಕೊಟ್ಟರು. ಕಾರಣ ಕೇಳಿದಾಗ, “ಯಾಕೋ ಮನಸ್ಸು ಒಪ್ಪಲಿಲ್ಲ ಕಣೋ” ಎಂದರು, ಅಷ್ಟೇ. ಆ ಮಾತು ಬರಿಯ ಭಾವನೆಯೇ, ಇಲ್ಲ ಅದಕ್ಕೂ ಅರಿವಿನ ಬೆಲೆಯಿದೆಯೇ ಎಂಬ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

13ನೆಯ ಶತಮಾನದ ಮಧ್ವಾಚಾರ್ಯರು ಪ್ರತ್ಯಕ್ಷ (ನೇರವಾಗಿ ಕಂಡದ್ದು), ಅನುಮಾನ (ತರ್ಕದಿಂದ ತಿಳಿದದ್ದು), ಆಗಮ (ವೇದಾದಿ ಶಾಸ್ತ್ರ) ಎಂಬ ಮೂರು ಪ್ರಮಾಣಗಳನ್ನು, ಅಂದರೆ ಸರಿಯಾದ ಅರಿವಿನ ಸಾಧನಗಳನ್ನು, ಒಪ್ಪುತ್ತಾರೆ. ಸುಖದುಃಖಗಳನ್ನು ನೇರವಾಗಿ ಕಾಣುವುದೂ, ಒಂದು ಅರಿವು ನಿಜವೆಂದು ಕಡೆಯಲ್ಲಿ ನಿಶ್ಚಯಿಸುವುದೂ ಅವರ ಪ್ರಕಾರ ಸಾಕ್ಷಿ, ಅಂದರೆ ಮನಸ್ಸಿಗಿಂತ ಬೇರೆಯಾದ, ಆತ್ಮದ್ದೇ ಆದ ಒಳಗಣ್ಣು. ಮನಸ್ಸಿನ ಅರಿವು ತಪ್ಪಬಹುದು, ಸಾಕ್ಷಿಯದು ತಪ್ಪದು. ಆಗಮವು ಯಾವ ಅರಿವನ್ನು ಆಧರಿಸಿ ನಿಂತಿದೆಯೋ ಆ ಉಪಜೀವ್ಯವನ್ನೇ ಅಲ್ಲಗಳೆಯುವ ಅರ್ಥವನ್ನು ಆಗಮಕ್ಕೆ ಹೇಳಲಾಗದು ಎಂಬುದು ಅವರ ವಾದ. ಆಚಾರ್ಯರು ಈ ವಾದವನ್ನು ಹೂಡಿದ್ದು ಜೀವವೂ ಬ್ರಹ್ಮವೂ ಒಂದೇ ಎಂಬ ಅಭೇದವಾದವನ್ನು ನಿರಾಕರಿಸಲು. ಅದನ್ನು ಲೋಟದವರೆಗೆ ತಂದಿರುವ ಹೊಣೆ ನನ್ನದು.

ದೇವರು ದಯಾಮಯನೆಂದು ನಂಬಬೇಕಾದರೆ, ದಯೆ ಎಂದರೇನೆಂಬುದು ನಮಗೆ ಅದಕ್ಕೆ ಮೊದಲೇ ಅಷ್ಟಿಷ್ಟಾದರೂ ತಿಳಿದಿರಬೇಕು. ಆ ತಿಳಿವೇ ಇಲ್ಲಿ ನಂಬಿಕೆಯ ಉಪಜೀವ್ಯ. ಎದುರಿಗಿರುವವರನ್ನು ಅವಮಾನಿಸುವುದು ದೇವರ ಆಜ್ಞೆಯೆಂದು ಹೇಳಿ, ಅದು ತಪ್ಪೆಂದು ಕಾಣುವ ಕಣ್ಣನ್ನು ಮುಚ್ಚಿಬಿಟ್ಟರೆ, ದೇವರನ್ನು ದಯಾಮಯನೆನ್ನಲು ಇದ್ದ ಆಧಾರವೂ ಅದರೊಡನೆ ಹೋಗುತ್ತದೆ. ಅಜ್ಜಿಯ ಪಾರಾಯಣ ಮರುದಿನವೂ ಎಂದಿನಂತೆ ನಡೆಯಿತು. ತಾವು ದೇವರಿಗೆ ವಿರುದ್ಧವಾದದ್ದೇನನ್ನೋ ಮಾಡಿದೆವೆಂದು ಅವರಿಗೆ ಅನ್ನಿಸಿರಲೇ ಇಲ್ಲ.

ಆ ಲೋಟವನ್ನು ಗೂಡಿನಲ್ಲಿಟ್ಟದ್ದೂ ಯಾರದೋ ಮನಸ್ಸು ಒಪ್ಪದ್ದರಿಂದಲೇ ಅಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಇದು ಗಟ್ಟಿಯಾದ ಆಕ್ಷೇಪ. ಮುಟ್ಟಿದರೆ ಮೈಲಿಗೆ ಎಂಬ ಹಿಂಜರಿಕೆಯೂ ಅಷ್ಟೇ ತಟ್ಟನೆ, ಅಷ್ಟೇ ಬಲವಾಗಿ ಬರುತ್ತದೆ. ಮನುಸ್ಮೃತಿಯು ಧರ್ಮದ ಮೂಲಗಳನ್ನು ಹೇಳುವಾಗ ಆತ್ಮತುಷ್ಟಿಯನ್ನು, ಅಂದರೆ ತನ್ನ ಮನಸ್ಸಿಗೆ ಒಪ್ಪಿಗೆಯಾಗುವುದನ್ನು, ಎಲ್ಲಕ್ಕಿಂತ ಕಡೆಗೆ ಇಟ್ಟಿರುವುದಕ್ಕೆ ಇಂಥ ಹಿಂಜರಿಕೆಯೂ ಧರ್ಮವೆನಿಸಿಕೊಂಡೀತೆಂಬ ಭಯವೂ ಕಾರಣವಿರಬಹುದು. ನನಗೆ ಕಾಣುವ ವ್ಯತ್ಯಾಸ ಇಷ್ಟು: ಆ ಹಿಂಜರಿಕೆ ಉಳಿಯಲು ಆ ಹೆಂಗಸಿನ ಮುಖವನ್ನು ನೋಡದಿರಬೇಕಾಗುತ್ತದೆ, ಅಜ್ಜಿಯ ಒಪ್ಪದಿರುವಿಕೆ ಹುಟ್ಟಿದ್ದು ವರ್ಷಗಟ್ಟಲೆ ಹಿತ್ತಲ ಕಟ್ಟೆಯ ಮೇಲೆ ಆಕೆಯ ಜೊತೆ ಕುಳಿತು ಆಕೆಯ ಕಷ್ಟಸುಖ ಕೇಳಿದ ಮೇಲೆ. ಮೊದಲನೆಯದನ್ನು ಮನಸ್ಸಿನ ರೂಢಿಯೆಂದೂ ಎರಡನೆಯದನ್ನು ಸಾಕ್ಷಿಗೆ ಹತ್ತಿರದ್ದೆಂದೂ ನಾನು ತಿಳಿಯುತ್ತೇನೆ, ಆದರೆ ಅದನ್ನು ಎಂದೂ ತಪ್ಪದ ಸಾಕ್ಷಿಯೆಂದು ಕರೆಯುವ ಧೈರ್ಯ ನನಗಿನ್ನೂ ಬಂದಿಲ್ಲ.