ಸ್ಪ್ರಿಂಗ್ ಪ್ಲೇಟ್ ಬೇಗ ಮುರಿಯುವುದು ಯಾಕೆ?

ಗಂಗಾವತಿ, ಸಿಂಧನೂರು ಕಡೆ ಗದ್ದೆಗೆ ಪೊಟ್ಯಾಷ್ ಗೊಬ್ಬರ ಹೊರುವ ಟ್ರೇಲರ್‌ನ ಪ್ಲೇಟ್, ಅಂದರೆ ಭಾರ ಹೊರುವ ಸ್ಪ್ರಿಂಗಿನ ಬಾಗಿದ ಉಕ್ಕಿನ ಪಟ್ಟಿ, ಮುರಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಓವರ್‌ಲೋಡ್. ಮುರಿದ ಮುಖವನ್ನು ಮೊದಲು ನೋಡಿ. ಒಂದು ಸಣ್ಣ ಗುಳಿಯಿಂದ ಬೀಸಣಿಗೆಯಂತೆ ಹರಡಿದ ಕಂದು ಭಾಗ, ಉಳಿದದ್ದು ಹೊಳೆಯುವ ಬೂದು. ಹಾಗಿದ್ದರೆ ಬಿರುಕು ಹಳೆಯದು. ಲೋಡು ಕೊನೆಯ ಏಟು ಕೊಟ್ಟಿದೆ, ಅಷ್ಟೇ.

ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಹಸಿ ಕೆಸರಿನ ಜೊತೆ ಅಂಟಿಕೊಂಡರೆ ಉಕ್ಕಿಗೆ ತುಕ್ಕಿನ ಗುಳಿ ಬೀಳುತ್ತದೆ. ಗುಳಿಯೊಳಗೆ ಆಮ್ಲ ಸೇರಿ ಅದು ಆಳಕ್ಕೇ ಕೊರೆಯುತ್ತದೆ. ಅರ್ಧಗೋಳದಂಥ ಗುಳಿಯ ತಳದಲ್ಲೂ ಒತ್ತಡ ಸುತ್ತಲಿನ ಉಕ್ಕಿಗಿಂತ ಸುಮಾರು 2 ಪಟ್ಟು. ಆಳವಾಗಿ ಕಿರಿದಾದಷ್ಟೂ ಇನ್ನೂ ಜಾಸ್ತಿ. ನುಣುಪಾದ ಪ್ಲೇಟಿನ ಆಯುಷ್ಯದ ಬಹುಪಾಲು ಬಿರುಕು ಹುಟ್ಟುವುದಕ್ಕೇ ಹೋಗುತ್ತದೆ. ಗುಳಿ ಆ ಕಾಲವನ್ನೇ ನುಂಗಿಬಿಡುತ್ತದೆ.

ಲೋಡು ಬಿದ್ದಾಗ ಎಳೆತ ಪ್ರತಿ ಪ್ಲೇಟಿನ ಮೇಲಿನ ಮುಖಕ್ಕೆ. ಆದ್ದರಿಂದ ಬಿರುಕನ್ನು ಪ್ಲೇಟುಗಳ ನಡುವೆ, ಅವನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಸುತ್ತ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯೂ ಬೋಲ್ಟಿನ ಅಂಚಿನಲ್ಲಿ ಹುಡುಕಿ. ತೊಳೆದು, ಒಣಗಿಸಿ, ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣ (ಪೆನಿಟ್ರೆಂಟ್) ಹಚ್ಚಿ 10ರಿಂದ 30 ನಿಮಿಷ ಬಿಡಿ. ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ನೇರವಾಗಿ ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಆ ಬಣ್ಣವನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್ ತೆಳುವಾಗಿ ಹೊಡೆದು 10 ನಿಮಿಷ ಕಾಯಿರಿ. ಪರೀಕ್ಷೆಗೆ ಮೊದಲು ಗ್ರೈಂಡರ್ ಬೇಡವೇ ಬೇಡ, ಬಿರುಕಿನ ಬಾಯಿ ಮುಚ್ಚುತ್ತದೆ.

ಕೆಂಪು ಗೆರೆ ಎದ್ದರೆ ಪ್ಲೇಟ್ ಬದಲಿಸಿ. ವೆಲ್ಡಿಂಗ್ ಮಾಡಿದರೆ ಪಕ್ಕದ ಉಕ್ಕು ಗಡಸಾಗಿ ಅಲ್ಲೇ ಮತ್ತೆ ಸೀಳುತ್ತದೆ.