ಮಾಕ್ ಅಲಾಟ್‌ಮೆಂಟ್ ಬಂದ ಸಂಜೆ

ಮಂಗಳವಾರ ಸಂಜೆ ಮಗಳ ಇಂಜಿನಿಯರಿಂಗ್ ಸೀಟಿನ ಮಾಕ್ ಅಲಾಟ್‌ಮೆಂಟ್ ಬಂತು, ಅಂದರೆ ಯಾವ ಸೀಟು ಸಿಗಬಹುದು ಅಂತ ಮೊದಲೇ ತೋರಿಸುವ ಅಣಕು ಹಂಚಿಕೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜು, ಕಂಪ್ಯೂಟರ್ ಸೈನ್ಸ್. ನಾನು ಖುಷಿಯಲ್ಲಿ ಹೆಂಡತಿಯನ್ನು ಕೂಗಿ ಕರೆದೆ. ಮಗಳು ಮೊಬೈಲನ್ನು ನನ್ನ ಕೈಗಿಟ್ಟು, “ಇದು ನಿಂಗೆ ಸಿಕ್ಕಿದ ಸೀಟು ಅಪ್ಪಾ, ನಂಗಲ್ಲ” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಜಾಸ್ತಿ ತಾಗಿತು. ಮೀನುಗಾರಿಕೆ ಬಂದ್ ಇರುವ ದಿನಗಳು, ಮಗಳಿಗಿಷ್ಟ ಅಂತ ಹೆಂಡತಿ ಒಣ ಸೀಗಡಿ ಚಟ್ನಿ ಮಾಡಿದ್ದಳು. ಮಗಳು ಮುಟ್ಟಲಿಲ್ಲ.

ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ತುಂಬುವುದು, ಮಾಡಿದ್ದು ನಾನೇ. ಅವಳು ಉದ್ದ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಪಟ್ಟಿ ಬರೆದುಕೊಟ್ಟಿದ್ದಳು. ಒಂದನೇದು ನಮ್ಮ ಕಾರವಾರದ ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಸಿವಿಲ್. ಆಮೇಲೆ ಹುಬ್ಬಳ್ಳಿ, ಬೆಳಗಾವಿ. ಎಲ್ಲ ಕಡೆ ಸಿವಿಲ್ಲೇ. ಬೆಂಗಳೂರಲ್ಲಿರುವ ಭಾವ ಫೋನಿನಲ್ಲಿ, “ಬಿಸಿಲಲ್ಲಿ ನಿಲ್ಲೋ ಕೆಲಸ, ಹೆಣ್ಣುಮಕ್ಕಳಿಗಲ್ಲ” ಅಂದರು. ಒಳ್ಳೆಯ ಮನಸ್ಸಿನವರೇ. ಆದರೆ ತಾವು ಹೋದ ದಾರಿ ಬಿಟ್ಟು ಬೇರೆ ದಾರಿ ಇದೆ ಅಂತ ಅವರಿಗೆ ಅನಿಸುವುದೇ ಇಲ್ಲ. ನಾನು ರಬ್ಬರ್ ತಗೊಂಡು ನಂಬರ್ ಅಳಿಸಿದೆ. “ಬೆಂಗಳೂರಿನ ಕಂಪ್ಯೂಟರ್ ಸೈನ್ಸ್ ಸುಮ್ನೆ ಮೇಲೆ ಹಾಕಿರೋಣ, ಸಿಕ್ಕರೆ ನೋಡಿದರಾಯ್ತು” ಅಂದೆ.

ಅಲ್ಲಿ ಸುಮ್ನೆ ಅನ್ನೋದೇ ಇಲ್ಲ. ರ‍್ಯಾಂಕ್ ನೋಡಿ ಪಟ್ಟಿಯ ಮೇಲಿನಿಂದ ಇಳಿಯುತ್ತಾ ಬರುತ್ತಾರೆ. ಎಲ್ಲಿ ಸೀಟು ಸಿಕ್ಕಿತೋ ಅಲ್ಲಿಗೆ ಮುಗಿಯಿತು, ಅದರ ಕೆಳಗಿನವು ಕೈಬಿಟ್ಟ ಹಾಗೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ಹೊಳೆಯ ಹಳೇ ಸೇತುವೆ ಬಿತ್ತಲ್ಲ, ಆಗ ಅವಳು ಫಸ್ಟ್ ಪಿಯುಸಿ. ನಮ್ಮನೆ ಸದಾಶಿವಗಡದಲ್ಲಿ. ಹೊಳೆಗೆ ಬಿದ್ದ ಲಾರಿಯ ಡ್ರೈವರ್ ಬದುಕಿಕೊಂಡರು. ಬೆಳಿಗ್ಗೆ ಮಳೆಯಲ್ಲೇ ನೋಡಲು ಹೋದೆವು. ಎಲ್ಲರೂ ಲಾರಿ ಎಲ್ಲಿ ಅಂತ ಹುಡುಕುತ್ತಿದ್ದರೆ ಇವಳು ನೀರಲ್ಲಿ ಉಳಿದ ಕಂಬಗಳನ್ನೇ ನೋಡುತ್ತಿದ್ದಳು. “ಯಾಕೆ ಬಿತ್ತು ಅಪ್ಪಾ?”

“ಹಳೇದಾಗಿತ್ತು ಮಗಾ, ನಲವತ್ತು ವರ್ಷ ದಾಟಿತ್ತು.”

“ಹಳೇದಾದ ಕೂಡ್ಲೇ ಬೀಳ್ಬೇಕು ಅಂತ ಇದೆಯಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಸಿವಿಲ್ ಅಂದಾಗ ನನಗೆ ಆ ಬೆಳಿಗ್ಗೆ ನೆನಪಾಗಬೇಕಿತ್ತು. ಸೇತುವೆ ಬೀಳುವ ಮೂರು ವಾರ ಮೊದಲಷ್ಟೇ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದು ಜನ ಸತ್ತಿದ್ದರು. ಪ್ರತಿ ಮಳೆಗಾಲ ನಾವು ಗುಡ್ಡ ನೋಡಿಕೊಂಡು ಓಡಾಡುವವರು. ಮಕ್ಕಳು ಓದಿದರೆ ಊರು ಬಿಡಬೇಕು ಅಂತ ನಾವೇ ಕಲಿಸುತ್ತೇವೆ. ಈ ಮಣ್ಣು, ಈ ಮಳೆ, ಈ ಹೊಳೆಯ ಸೆಳೆತ ಚಿಕ್ಕಂದಿನಿಂದ ಕಂಡ ಹುಡುಗಿ ಸೇತುವೆ ಕಟ್ಟುವುದು ಕಲಿತೀನಿ ಅಂದರೆ ಬೇಡ ಅನ್ನಲು ನಾನು ಯಾರು? ನಿಂಗೆ ಸಿಕ್ಕಿದ ಸೀಟು, ನಂಗಲ್ಲ. ಮೂರು ದಿನದಿಂದ ಕಿವಿಯಲ್ಲಿ ಅದೇ.

ಮಾಕ್ ಆದ ಮೇಲೆ ಆಪ್ಷನ್ ಬದಲಿಸಲು ಅವಕಾಶ ಇರುತ್ತದೆ. ನಿನ್ನೆ ರಾತ್ರಿ ಇಬ್ಬರೂ ಕೂತೆವು. ನಾನು ಅಳಿಸಿದ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು. ಒಂದು ಅಂತ ಬರೆಯುವಾಗ ಹರಿದೇಹೋಯಿತು. ಅವಳು ಪಕ್ಕದ ಪುಟ ತೆಗೆದು, ಪೆನ್ನಿನಲ್ಲಿ ಮತ್ತೆ ಮೊದಲಿಂದ ಬರೆದಳು. ಅವಳು ಓದಿ ಹೇಳಿದಳು, ನಾನು ಟೈಪ್ ಮಾಡಿದೆ. ಭಾವನಿಗೆ ಇವತ್ತು ಫೋನ್ ಮಾಡಬೇಕು.