ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇದ್ದರೂ ವಿಮಾನ ಕೈತಪ್ಪುವುದು ಹೇಗೆ?

ವಿಮಾನ ಹಾರಿಸಲು ಕಲಿಸುತ್ತೇನೆ ಅಂದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ತರಬೇತಿ ವಿಮಾನವೊಂದು ಇಳಿಯುವಾಗ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿತು ಅಂತ ಎಲ್ಲೋ ಓದಿರುತ್ತಾರೆ. "ನಿಮ್ಮ ಮುಂದೆಯೂ ಒಂದು ಜೊತೆ ಕಂಟ್ರೋಲ್ ಇರುತ್ತೆ ಅಲ್ವಾ? ಮತ್ತೆ ಹೇಗೆ?"

ಇರುತ್ತದೆ. ಆದರೆ ಹೊತ್ತು ಇರುವುದಿಲ್ಲ. ನಾವು ಕಲಿಸುವ ಪುಟ್ಟ ವಿಮಾನ ಸೆಸ್ನಾ 172 ಸುಮಾರು 65 ನಾಟ್ ವೇಗದಲ್ಲಿ ರನ್‌ವೇ ಕಡೆ ಬರುತ್ತದೆ, ಅಂದರೆ ಸೆಕೆಂಡಿಗೆ 33 ಮೀಟರ್. ನೆಲ ಹತ್ತಿರವಾದಾಗ ಮೂತಿ ಮೆಲ್ಲಗೆ ಎತ್ತಿ, ವೇಗ ಇಳಿಸಿ, ಹಿಂದಿನ ಎರಡು ಚಕ್ರ ಮೊದಲು ತಾಗಿಸಬೇಕು. ಅಲ್ಲಿ ಪ್ರತಿ ಸಲ ನಾನೇ ಕೈ ಹಾಕಿದರೆ ಅವರು ಕಲಿಯುವುದು ಯಾವಾಗ? ತಪ್ಪು ಮಾಡಲು ಬಿಡಲೇಬೇಕು. ಎಲ್ಲಿಯವರೆಗೆ ಅನ್ನುವುದೇ ಕಷ್ಟದ ಮಾತು.

ಒಮ್ಮೆ ಎಡಗಡೆಯಿಂದ ಗಾಳಿ ಬೀಸುತ್ತಿತ್ತು. ನನ್ನ ವಿದ್ಯಾರ್ಥಿನಿ ಚೆನ್ನಾಗಿಯೇ ಇಳಿಸಿದಳು. ಚಕ್ರ ತಾಗಿದ್ದೇ ತಡ, ನಿಟ್ಟುಸಿರು ಬಿಟ್ಟು ಕೈ ಸಡಿಲಿಸಿದಳು. ವಿಮಾನದ ಬಾಲ ಗಾಳಿಗೆ ಸಿಕ್ಕಿ ಮೂತಿ ಎಡಕ್ಕೆ ತಿರುಗಿತು. ಅವಳು ಗಾಬರಿಯಿಂದ ಯೋಕನ್ನು, ಅಂದರೆ ರೆಕ್ಕೆ ವಾಲಿಸಲು, ಮೂತಿ ಏರಿಳಿಸಲು ಕೈಯಲ್ಲಿ ಹಿಡಿಯುವ ಹಿಡಿಯನ್ನು, ಕಾರಿನ ಸ್ಟೀರಿಂಗ್ ಥರ ಬಲಕ್ಕೆ ತಿರುಗಿಸಿದಳು. ನೆಲದ ಮೇಲೆ ವಿಮಾನ ತಿರುಗುವುದು ಕಾಲಿನ ಪೆಡಲ್‌ಗಳಿಂದ, ಕೈಯಿಂದ ಅಲ್ಲ. ಯೋಕ್ ಬಲಕ್ಕೆ ಹೋದರೆ ಗಾಳಿಯ ಕಡೆಯ ರೆಕ್ಕೆ ಏಳುತ್ತದೆ, ಅಷ್ಟೇ.

"ಐ ಹ್ಯಾವ್ ಕಂಟ್ರೋಲ್", ಅಂದರೆ ಇನ್ನು ವಿಮಾನ ನನ್ನ ಕೈಯಲ್ಲಿ, ಅಂದು ಬಲ ಪೆಡಲ್ ಒತ್ತಿದೆ. ಅಲುಗಲಿಲ್ಲ. ಎರಡೂ ಕಡೆಯ ಪೆಡಲ್‌ಗಳು ಒಳಗೆ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಅವಳ ಎಡಗಾಲು ಮೊಣಕಾಲಿನವರೆಗೆ ನೆಟ್ಟಗೆ ಸೆಟೆದು ನಿಂತಿತ್ತು. "ಕಾಲು ತೆಗೀರಿ!" ಅಂತ ಕೂಗಿದ ಮೇಲೆ ಬಿಟ್ಟಳು. ಎಡಗಡೆಯ ಚಕ್ರ ಹುಲ್ಲಿಗಿಳಿದು ವಿಮಾನ ನಿಂತಿತು. ಯಾರಿಗೂ ಏನೂ ಆಗಲಿಲ್ಲ. "ಸಾರಿ ಸರ್" ಅಂತ ಅವಳು ಅಳುತ್ತಿದ್ದಳು. ಆದರೆ ಚಕ್ರ ತಾಗಿದಾಗ ನಾನೂ ನಿರಾಳವಾಗಿದ್ದೆ. ಆ ತಪ್ಪು ನನ್ನದು. ಚಕ್ರ ತಾಗಿದ ಮೇಲೂ ರೆಕ್ಕೆಗಳು ವಿಮಾನದ ಭಾರವನ್ನು ಅರ್ಧಂಬರ್ಧ ಹೊತ್ತೇ ಇರುತ್ತವೆ. ಚಕ್ರಗಳಿಗೆ ಹಿಡಿತ ಬಂದಿರುವುದಿಲ್ಲ.

ವಿಮಾನ ಕೈತಪ್ಪುವ ಇನ್ನೊಂದು ದಾರಿ ಪುಟಿತ. ನೆಲ ಮೇಲೆದ್ದು ಬಂದಂತೆ ಕಂಡು ಹೊಸಬರು ಯೋಕ್ ಜೋರಾಗಿ ಎಳೆಯುತ್ತಾರೆ, ವಿಮಾನ ಮೇಲೇರಿದಾಗ ಗಾಬರಿಯಿಂದ ಮುಂದಕ್ಕೆ ತಳ್ಳುತ್ತಾರೆ. ಮೂತಿಯ ಚಕ್ರ ಮೊದಲು ಬಡಿದು ವಿಮಾನ ಪುಟಿಯುತ್ತದೆ. ಮತ್ತೆ ತಳ್ಳಿದರೆ ಇನ್ನೂ ಜೋರಾಗಿ ಪುಟಿಯುತ್ತದೆ. ನಮ್ಮ ಕೈ ಪ್ರತಿ ಸಲವೂ ಒಂದು ಕ್ಷಣ ತಡ. ಮೂತಿಯ ಚಕ್ರದ ಕಾಲು ಮುರಿಯುವುದು, ಪ್ರೊಪೆಲರ್ ನೆಲಕ್ಕೆ ಬಡಿಯುವುದು ಹೀಗೇ.

ಅದಕ್ಕೇ ಇಳಿಸುವುದಕ್ಕಿಂತ ಮೊದಲು ಗೋ ಅರೌಂಡ್ ಕಲಿಸುತ್ತೇನೆ. ಸರಿಹೋಗಲಿಲ್ಲವಾ, ಎಂಜಿನ್ ಶಕ್ತಿ ಹೆಚ್ಚಿಸುವ ಥ್ರಾಟಲ್ ಪೂರ್ತಿ ಕೊಟ್ಟು ಮೇಲೇಳಿ, ಇನ್ನೊಂದು ಸುತ್ತು ಬನ್ನಿ. ಇದೂ ಸುಲಭವಲ್ಲ. ಪೂರ್ತಿ ಶಕ್ತಿ ಬಂದಾಗ ಮೂತಿ ಮೇಲಕ್ಕೂ ಎಡಕ್ಕೂ ಎಳೆಯುತ್ತದೆ. ಬಲಗಾಲು ಒತ್ತಬೇಕು, ಮೂತಿ ಜಾಸ್ತಿ ಏಳದಂತೆ ಹಿಡಿಯಬೇಕು, ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸಿದ ಫ್ಲಾಪ್ ಪಟ್ಟಿಗಳನ್ನು ಹಂತ ಹಂತವಾಗಿ ಎತ್ತಬೇಕು. ಒಮ್ಮೆಗೇ ಎತ್ತಿದರೆ ವಿಮಾನ ಕುಸಿಯುತ್ತದೆ. ಹಾಗಾಗಿ ಮೊದಲು ತುಂಬಾ ಎತ್ತರದಲ್ಲಿ ಅಭ್ಯಾಸ ಮಾಡಿಸುತ್ತೇನೆ.

ಆ ಹುಡುಗಿ ವಾರ ಬಿಟ್ಟು ಮತ್ತೆ ಬಂದಳು. ಮೂರನೇ ಸುತ್ತಿನಲ್ಲಿ ಸಣ್ಣದಾಗಿ ಪುಟಿಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳ ಕೈ ಥ್ರಾಟಲ್ ತಳ್ಳಿತ್ತು, ಬಲಗಾಲು ಒತ್ತಿತ್ತು. ನನ್ನ ಪಾದ ಪೆಡಲ್ ಮೇಲೆ ಸುಮ್ನೆ ಕೂತಿತ್ತು.